ಡಾ. ಜೂಲ್ಸ್ ಗೊನಿನ್ (1870–1935): ಅಕ್ಷಿಪಟಲ ಶಸ್ತ್ರಚಿಕಿತ್ಸೆಯ ಆದ್ಯ ಗುರು

ಕಣ್ಣಿನ ಅಕ್ಷಿಪಟಲವು (ರೆಟಿನಾ) ತನ್ನ ಸ್ಥಾನದಿಂದ ಕಳಚಿಕೊಂಡರೆ ಆ ಕಣ್ಣಿನ ದೃಷ್ಟಿ ಮರಳಿ ಬಾರದು ಎಂಬುದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ವೈದ್ಯಲೋಕದ ಒಪ್ಪಿತ ಅಭಿಪ್ರಾಯವಾಗಿತ್ತು. ಈ ಅಭಿಪ್ರಾಯವನ್ನು ಬದಲಿಸಿದವರು ಸ್ವಿಟ್ಜರ್‌ಲೆಂಡ್ ದೇಶದ ಲೊಸಾನ್ ನಗರದ ನೇತ್ರತಜ್ಞ ಡಾ. ಜೂಲ್ಸ್ ಗೊನಿನ್‌ರವರು. ಕಳಚಿದ ಅಕ್ಷಿಪಟಲವನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೂರಿಸಲು ಸಾಧ್ಯವೆಂದು ಇವರು ಮಾಡಿ ತೋರಿಸಿದರು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಆ ವಿದ್ಯೆಯನ್ನು ಅನ್ಯದೇಶಗಳ ವೈದ್ಯರಿಗೆ ರೋಗಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಇಂದು ಅಕ್ಷಿಪಟಲ ರೋಗಗಳಲ್ಲಿ ನೇತ್ರವೈದ್ಯರಿಗೆ ನೀಡಲಾಗುವ ಉನ್ನತ ವೈದ್ಯಕೀಯ ತರಬೇತಿಯ ಬೇರುಗಳನ್ನು ಹುಡುಕಿ ಹೊರಟವರು ಲೊಸಾನ್‌ನ ಈ ಆಸ್ಪತ್ರೆಗೆ ಬಂದು ತಲುಪುತ್ತಾರೆ.

ರೋಗದ ಸ್ವರೂಪ

ಗೊನಿನ್‌ರವರ ಸಾಧನೆಯನ್ನು ಅರಿಯಲು ಈ ರೋಗದ ಸ್ವರೂಪವನ್ನು ಸ್ವಲ್ಪ ತಿಳಿಯುವುದು ಅವಶ್ಯಕ. ಅಕ್ಷಿಪಟಲವು ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ, ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ನರಪದರ. ಹೊರಗಿನ ದೃಶ್ಯ ಮೂಡುವುದು ಇದರ ಮೇಲೆಯೇ. ಇದರ ಹಿಂದೆ ಕೋರಾಯ್ಡ್ ಎಂಬ ರಕ್ತನಾಳಗಳ ಪದರವಿದ್ದು, ಅಕ್ಷಿಪಟಲದ ಹೊರಪದರಗಳಿಗೆ ಆಹಾರವೂ ಆಮ್ಲಜನಕವೂ ಅಲ್ಲಿಂದಲೇ ದೊರೆಯುತ್ತವೆ. ಕಣ್ಣಿನ ಒಳಗಿನ ಅವಕಾಶವನ್ನು ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆ ತುಂಬಿರುತ್ತದೆ.

ವಯಸ್ಸಾದಂತೆ ಈ ಲೋಳೆ ನೀರಾಗಿ ಕುಗ್ಗುತ್ತದೆ. ಕುಗ್ಗುವಾಗ ಎಲ್ಲಿಯಾದರೂ ಅಕ್ಷಿಪಟಲಕ್ಕೆ ಬಿಗಿಯಾಗಿ ಅಂಟಿಕೊಂಡಿದ್ದರೆ ಆ ಜಾಗದಲ್ಲಿ ಜಗ್ಗಿ ಹರಿದುಹಾಕುತ್ತದೆ. ಕುದುರೆ ಲಾಳದ ಆಕಾರದ ಆ ಸಣ್ಣ ಹರಿವಿನ ಮೂಲಕ ದ್ರವವು ಅಕ್ಷಿಪಟಲದ ಹಿಂದಕ್ಕೆ ನುಸುಳಿ, ಸೀಳಿದ ಗೋಡೆಯ ಕಾಗದ ತೇವಕ್ಕೆ ಕಳಚುವಂತೆ ಅದನ್ನು ಕೋರಾಯ್ಡ್‌ನಿಂದ ಬೇರ್ಪಡಿಸುತ್ತದೆ. ಕಳಚಿದ ಭಾಗಕ್ಕೆ ಪೋಷಣೆ ನಿಲ್ಲುತ್ತದೆ. ಹತ್ತಿರದೃಷ್ಟಿ ದೋಷ ಹೆಚ್ಚಾಗಿ ಉಳ್ಳವರು, ಕಣ್ಣಿಗೆ ಪೆಟ್ಟು ಬಿದ್ದವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ರೋಗಕ್ಕೆ ತುತ್ತಾಗುವ ಸಂಭವ ಇತರರಿಗಿಂತ ಅಧಿಕ. ವರ್ಷವೊಂದಕ್ಕೆ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ನೋವು ಇರುವುದಿಲ್ಲ. ಕಣ್ಣ ಮುಂದೆ ಮಿಂಚು ಹೊಳೆದಂತಾಗುವುದು, ಕಪ್ಪು ಚುಕ್ಕೆಗಳು ಇದ್ದಕ್ಕಿದ್ದಂತೆ ತೇಲಾಡುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲೆ ಆವರಿಸುವುದು ಇದರ ಮುಖ್ಯ ಲಕ್ಷಣಗಳು. ನೋವಿಲ್ಲದ ಕಾರಣಕ್ಕೇ ಜನರು ತಡಮಾಡುತ್ತಾರೆ. ಅಕ್ಷಿಪಟಲದ ಮಧ್ಯಭಾಗವಾದ ಮ್ಯಾಕ್ಯುಲಾ ಕಳಚಿದ ಮೇಲೆ ತಡಮಾಡಿದಷ್ಟೂ ನಷ್ಟ ಹೆಚ್ಚು. ಇಂತಹ ಲಕ್ಷಣ ಕಂಡವರು ಅದೇ ದಿನವೇ ನೇತ್ರತಜ್ಞರನ್ನು ಕಾಣುವುದು ಒಳಿತು.

ಮೇಲೆ ಎರಡು ಮಾತಿನಲ್ಲಿ ಹೇಳಿದ ಈ ಕಾರಣವು ಇಂದು ವೈದ್ಯ ವಿದ್ಯಾರ್ಥಿಗಳಿಗೆ ಪಾಠಪುಸ್ತಕದ ವಿಷಯ. ಗೊನಿನ್‌ರವರ ಯೌವನದಲ್ಲಿ ಅದು ಹಲವು ಊಹೆಗಳಲ್ಲಿ ಒಂದಾಗಿತ್ತು, ಅದೂ ಹೆಚ್ಚು ಜನ ಒಪ್ಪದ ಊಹೆ.

ಜನನ ಮತ್ತು ವಿದ್ಯಾಭ್ಯಾಸ

ಜೂಲ್ಸ್ ಗೊನಿನ್‌ರವರು 1870ರ ಆಗಸ್ಟ್ 10ರಂದು ಲೊಸಾನ್ ನಗರದಲ್ಲಿ ಜನಿಸಿದರು. ಆಧುನಿಕ ನೇತ್ರವೈದ್ಯದ ಸ್ಥಾಪಕರಲ್ಲಿ ಒಬ್ಬರಾದ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆಯವರು ಅದೇ ವರ್ಷದ ಜುಲೈ 20ರಂದು, ಅಂದರೆ ಕೇವಲ ಮೂರು ವಾರಗಳ ಹಿಂದೆ ನಿಧನರಾಗಿದ್ದರು. ಗ್ರೇಫೆಯವರ ಹೆಸರಿನ ಸಪೂರ ಚಾಕು ಮುಂದೆ ಗೊನಿನ್‌ರವರ ಕೈಯಲ್ಲಿ ಹೊಸ ಕೆಲಸಕ್ಕೆ ಬಳಕೆಯಾಗುವುದಿತ್ತು.

ಗೊನಿನ್‌ರವರ ವಿದ್ಯಾಭ್ಯಾಸ ಹುಟ್ಟೂರಿನಲ್ಲೇ ನಡೆಯಿತು. ಕುತೂಹಲದ ಸಂಗತಿಯೆಂದರೆ, ಅವರ ಆರಂಭದ ಸಂಶೋಧನೆ ಕಣ್ಣಿನ ಬಗ್ಗೆ ಆಗಿರಲಿಲ್ಲ. ಕೋಸಿನ ಗಿಡದ ಬಿಳಿ ಚಿಟ್ಟೆಯ ಕಂಬಳಿಹುಳುವಿನ ದೇಹದೊಳಗೆ ಮುಂದಿನ ಚಿಟ್ಟೆಯ ರೆಕ್ಕೆ ಕಾಲುಗಳ ಮೊಳಕೆಗಳು ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಕುರಿತ ಅವರ ಪ್ರಬಂಧ 1894ರಲ್ಲಿ ಪ್ರಕಟವಾಯಿತು. ಕೀಟಗಳ ಬೆಳವಣಿಗೆಯನ್ನು ಅಭ್ಯಸಿಸುವ ಜೀವಶಾಸ್ತ್ರಜ್ಞರು ಅದನ್ನು ನಂತರವೂ ಉಲ್ಲೇಖಿಸಿದ್ದಾರೆ. ಸೂಕ್ಷ್ಮದರ್ಶಕದ ಕೆಳಗೆ ಹುಳುವಿನ ಅತಿ ತೆಳುವಾದ ಪೊರೆಗಳನ್ನು ಬಿಡಿಸಿ ನೋಡಿದ ಈ ಅಭ್ಯಾಸ ಮುಂದೆ ಅಕ್ಷಿಪಟಲದ ಅಧ್ಯಯನದಲ್ಲಿ ವ್ಯರ್ಥವಾಗಲಿಲ್ಲವೆಂದು ಹೇಳಬಹುದು.

ಅಂಧರ ಆಶ್ರಮದ ಆಸ್ಪತ್ರೆ

ವೈದ್ಯ ಶಿಕ್ಷಣದ ನಂತರ ಗೊನಿನ್‌ರವರು ಪ್ರಸಿದ್ಧ ನೇತ್ರತಜ್ಞ ಮಾರ್ಕ್ ಡುಫೂರ್ (1843–1910) ಅವರ ಸಹಾಯಕರಾಗಿ ಸೇರಿದರು. ಡುಫೂರ್‌ರವರು ಕೆಲಸ ಮಾಡುತ್ತಿದ್ದ ಆಸ್ಪತ್ರೆ 1843ರಲ್ಲಿ ದಾನಿಗಳ ನೆರವಿನಿಂದ ಆರಂಭವಾದ ಅಂಧರ ಆಶ್ರಮದ ಅಂಗವಾಗಿತ್ತು. ಕಣ್ಣಿನ ರೋಗಿಗಳಿಗೆ ಚಿಕಿತ್ಸೆ, ಅಂಧ ಮಕ್ಕಳಿಗೆ ಶಾಲೆ, ವಯಸ್ಕ ಅಂಧರಿಗೆ ಕೈಕೆಲಸದ ಶಾಲೆ ಇವೆಲ್ಲವೂ ಅದೇ ಸಂಸ್ಥೆಯ ಆಶ್ರಯದಲ್ಲಿದ್ದವು. ಚಿಕಿತ್ಸೆ ಫಲಿಸದಿದ್ದರೆ ಮುಂದೇನು ಎಂಬುದು ಅಲ್ಲಿ ದುಡಿಯುವ ವೈದ್ಯರಿಗೆ ದೂರದ ಪ್ರಶ್ನೆಯಾಗಿರಲಿಲ್ಲ.

ಅಕ್ಷಿಪಟಲ ಕಳಚಿದ ರೋಗಿಗಳಿಗೆ ಆ ಕಾಲದ ವೈದ್ಯರು ಹೇಳುತ್ತಿದ್ದ ಚಿಕಿತ್ಸೆ ಮುಖ್ಯವಾಗಿ ವಿಶ್ರಾಂತಿ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ಬೆವರಿಸುವ ಔಷಧಿ, ಕಣ್ಣಿನ ಪೊರೆಯಡಿಗೆ ಉಪ್ಪುನೀರಿನ ಚುಚ್ಚುಮದ್ದು, ಹಿಂದೆ ಸೇರಿದ ದ್ರವವನ್ನು ಸೂಜಿಯಿಂದ ಹೊರತೆಗೆಯುವುದು, ಹೀಗೆ ಹಲವು ಪ್ರಯತ್ನಗಳು ನಡೆದಿದ್ದವು. ಹೊರತೆಗೆದ ದ್ರವ ಮತ್ತೆ ಬಂದು ತುಂಬುತ್ತಿತ್ತು. 1912ರಲ್ಲಿ ಅಮೆರಿಕದ ನೇತ್ರತಜ್ಞ ಡೆರಿಕ್ ವೇಲ್ ಎಂಬುವವರು ತಮ್ಮ ದೇಶದ ಸಹವೃತ್ತಿಯವರಿಗೆ ಪ್ರಶ್ನಾವಳಿ ಕಳುಹಿಸಿ ವಿಚಾರಿಸಿದಾಗ, ಗುಣವಾದವರ ಪ್ರಮಾಣ ಸಾವಿರಕ್ಕೆ ಸುಮಾರು ಒಂದು ಎಂಬ ಉತ್ತರ ಬಂದಿತು.

ಕಾರಣದ ಶೋಧ

1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್‌ರವರು ನೇತ್ರದರ್ಶಕವನ್ನು (ಆಫ್ತಾಲ್ಮೋಸ್ಕೋಪ್) ಲೋಕಕ್ಕೆ ಪರಿಚಯಿಸಿದ ಮೇಲೆ ಜೀವಂತ ಕಣ್ಣಿನ ಒಳಭಾಗ ವೈದ್ಯರಿಗೆ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸಿತು. ಎರಡು ವರ್ಷಗಳಲ್ಲೇ ಕೋಕ್ಸಿಯಸ್ ಎಂಬ ವೈದ್ಯರು ಕಳಚಿದ ಅಕ್ಷಿಪಟಲದಲ್ಲಿ ಹರಿವು ಇರುವುದನ್ನು ಗುರುತಿಸಿದ್ದರು. ಥಿಯೊಡೋರ್ ಲೆಬರ್‌ರವರು ವಿಟ್ರಿಯಸ್‌ನ ಜಗ್ಗುವಿಕೆಯೇ ಹರಿವಿಗೆ ಕಾರಣವೆಂದು 1882ರಲ್ಲಿ ವಾದಿಸಿದ್ದರು. ಆದರೆ ಬಹುಪಾಲು ವೈದ್ಯರ ದೃಷ್ಟಿಯಲ್ಲಿ ಹರಿವು ರೋಗದ ಪರಿಣಾಮವೇ ಹೊರತು ಕಾರಣವಲ್ಲ. ಅನೇಕ ರೋಗಿಗಳಲ್ಲಿ ಹರಿವೇ ಕಾಣುವುದಿಲ್ಲವಲ್ಲ ಎಂಬುದು ಅವರ ಬಲವಾದ ಆಕ್ಷೇಪವಾಗಿತ್ತು.

ಗೊನಿನ್‌ರವರು ಇದನ್ನು ಎರಡು ದಾರಿಯಲ್ಲಿ ಪರೀಕ್ಷಿಸಿದರು. ಒಂದನೆಯದು, ಈ ರೋಗವಿದ್ದು ಅನಿವಾರ್ಯವಾಗಿ ತೆಗೆದುಹಾಕಬೇಕಾದ ಕಣ್ಣುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದು. ಹರಿದ ತುಂಡಿನ ಅಂಚಿಗೆ ವಿಟ್ರಿಯಸ್ ಅಂಟಿಕೊಂಡಿರುವುದನ್ನು ಅವರು ಕಂಡರು. ಈ ಕುರಿತ ಅವರ ಲೇಖನ 1904ರಲ್ಲಿ ಪ್ರಕಟವಾಯಿತು. ಎರಡನೆಯದು, ಜೀವಂತ ರೋಗಿಯ ಕಣ್ಣಿನಲ್ಲಿ ಹರಿವನ್ನು ಬಿಡದೆ ಹುಡುಕುವುದು. ಪಾಪೆಯನ್ನು ಔಷಧಿಯಿಂದ ಚೆನ್ನಾಗಿ ಅಗಲಿಸಿ, ರೋಗಿಗೆ ಮೇಲೆ ಕೆಳಗೆ ಎಡ ಬಲ ನೋಡಲು ಹೇಳಿ, ಅಕ್ಷಿಪಟಲದ ಅಂಚಿನವರೆಗೂ ಅಂಗುಲ ಅಂಗುಲ ಶೋಧಿಸುವುದು. ಇಂದು ಸಿಗದಿದ್ದರೆ ರೋಗಿಯನ್ನು ಮಲಗಿಸಿ, ಅಕ್ಷಿಪಟಲ ತುಸು ಇಳಿದ ಮೇಲೆ ನಾಳೆ ಮತ್ತೆ ನೋಡುವುದು. ಹೀಗೆ ನೋಡಿದಾಗ ಬಹುಪಾಲು ಕಣ್ಣುಗಳಲ್ಲಿ ಹರಿವು ಸಿಕ್ಕಿತು. ಇತರರಿಗೆ ಅದು ಕಾಣದಿದ್ದುದಕ್ಕೆ ಅವರು ನೋಡಿದ ಬಗೆಯೇ ಕಾರಣ ಎಂಬುದು ಇದರಿಂದ ಸ್ಪಷ್ಟವಾಯಿತು. 1906ರಲ್ಲಿ ಫ್ರೆಂಚ್ ನೇತ್ರವೈದ್ಯ ವಿಶ್ವಕೋಶಕ್ಕಾಗಿ ಡುಫೂರ್‌ರವರೊಡನೆ ಸೇರಿ ಅಕ್ಷಿಪಟಲದ ರೋಗಗಳ ಅಧ್ಯಾಯವನ್ನು ಅವರು ಬರೆದರು.

ಹರಿವೇ ಕಾರಣವಾದರೆ ಹರಿವನ್ನು ಮುಚ್ಚಬೇಕು. ತರ್ಕ ಸರಳ. ಆದರೆ ಇಂಚಿನಷ್ಟೂ ಇಲ್ಲದ ಗೋಳದೊಳಗಿನ ಒಂದೆರಡು ಮಿಲಿಮೀಟರಿನ ಹರಿವನ್ನು ಹೊರಗಿನಿಂದ ಮುಟ್ಟುವುದು ಹೇಗೆ?

ದಹನ ಶಸ್ತ್ರಚಿಕಿತ್ಸೆ

ಗೊನಿನ್‌ರವರು ಕಂಡುಕೊಂಡ ಉಪಾಯ ಅಳತೆಯದು. ಕಣ್ಣನ್ನು ಗಡಿಯಾರದ ಮುಖವೆಂದು ಭಾವಿಸಿ ಹರಿವು ಎಷ್ಟು ಗಂಟೆಯ ದಿಕ್ಕಿನಲ್ಲಿದೆಯೆಂದು ಅವರು ಗುರುತಿಸುತ್ತಿದ್ದರು. ದೃಷ್ಟಿನರವು ಕಣ್ಣನ್ನು ಸೇರುವ ದುಂಡನೆಯ ತಾಣದ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಅದನ್ನೇ ಅಳತೆಗೋಲಾಗಿಟ್ಟುಕೊಂಡು, ಅಕ್ಷಿಪಟಲದ ಮುಂಚೂಣಿಯ ಅಂಚಿನಿಂದ ಹರಿವು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದರು. ಕಂಡದ್ದನ್ನೆಲ್ಲ ಚಿತ್ರದಲ್ಲಿ ಬರೆದುಕೊಂಡು, ಆ ಲೆಕ್ಕದಂತೆ ಕಣ್ಣಿನ ಬಿಳಿಯ ಹೊರಗೋಡೆಯ ಮೇಲೆ ಗುರುತು ಮಾಡುತ್ತಿದ್ದರು.

ಗುರುತಿನ ಜಾಗದಲ್ಲಿ ಗ್ರೇಫೆ ಚಾಕುವಿನಿಂದ ಸಣ್ಣ ಸೀಳು ಹಾಕಿ, ಹಿಂದೆ ಸೇರಿದ ದ್ರವವನ್ನು ಹೊರಬಿಡಲಾಗುತ್ತಿತ್ತು. ಬಳಿಕ ಕೆಂಪಗೆ ಕಾಯ್ದ ಪ್ಲಾಟಿನಂ ಸಲಾಕೆಯ ಮೊನೆಯನ್ನು ಆ ಸೀಳಿನೊಳಗೆ ಎರಡು ಮೂರು ಸೆಕೆಂಡು ಮಾತ್ರ ಇಳಿಸಲಾಗುತ್ತಿತ್ತು. ಈ ಸಲಾಕೆಯನ್ನು ಫ್ರಾನ್ಸಿನ ವೈದ್ಯ ಪಾಕೆಲಿನ್‌ರವರು 1870ರ ದಶಕದಲ್ಲಿ ಬೇರೆ ಶಸ್ತ್ರಕ್ರಿಯೆಗಳಿಗಾಗಿ ರೂಪಿಸಿದ್ದರು. ಸುಟ್ಟ ಜಾಗ ಮಾಯುವಾಗ ಮೂಡುವ ಕಲೆಯು ಅಕ್ಷಿಪಟಲವನ್ನೂ ಕೋರಾಯ್ಡನ್ನೂ ಬೆಸೆಯುತ್ತದೆ, ಹರಿವು ಮುಚ್ಚುತ್ತದೆ, ದ್ರವ ಒಳನುಸುಳುವ ದಾರಿ ಇಲ್ಲವಾಗುತ್ತದೆ. ಈ ಕ್ರಮಕ್ಕೆ ದಹನವೇಧನ ಎಂಬ ಅರ್ಥದ ಇಗ್ನಿಪಂಕ್ಚರ್ ಎಂಬ ಹೆಸರು ಬಂದಿತು.

1920ರ ಹೊತ್ತಿಗೆ ಗೊನಿನ್‌ರವರು ಈ ಕ್ರಮವನ್ನು ವೈದ್ಯರ ಸಭೆಗಳ ಮುಂದಿಟ್ಟರು. ಅದೇ ವರ್ಷ ಅವರು ಲೊಸಾನ್ ವಿಶ್ವವಿದ್ಯಾನಿಲಯದಲ್ಲಿ ನೇತ್ರವೈದ್ಯ ಪ್ರಾಧ್ಯಾಪಕರಾದರು. ಆದರೆ ಪ್ರತಿಕ್ರಿಯೆ ತಣ್ಣಗಿತ್ತು. ಅತ್ಯಂತ ನಾಜೂಕಾದ ಅಂಗದೊಳಗೆ ಕಾದ ಲೋಹವನ್ನು ಇಳಿಸುವುದು ಅನೇಕರಿಗೆ ದುಸ್ಸಾಹಸವಾಗಿ ತೋರಿತು. ಲೇಖನ ಓದಿ ತಾವೇ ಪ್ರಯತ್ನಿಸಿದ ಕೆಲವರಿಗೆ ಫಲ ದೊರೆಯಲಿಲ್ಲ. ಅವರು ಸಲಾಕೆಯನ್ನು ಅನುಸರಿಸಿದರು, ಹುಡುಕಾಟವನ್ನು ಅನುಸರಿಸಲಿಲ್ಲ. ಹರಿವಿರುವ ಜಾಗವನ್ನು ಬಿಟ್ಟು ಪಕ್ಕದಲ್ಲಿ ಸುಟ್ಟರೆ ಕಣ್ಣಿಗೆ ಗಾಯವಾಗುತ್ತದೆಯೇ ಹೊರತು ರೋಗ ಗುಣವಾಗುವುದಿಲ್ಲ. ಶಸ್ತ್ರಕ್ರಿಯೆಗೆ ಹಿಡಿಯುವ ಸಮಯ ಕೆಲವು ನಿಮಿಷಗಳದಾದರೆ, ಅದಕ್ಕೆ ಮುಂಚಿನ ಪರೀಕ್ಷೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯಬೇಕಿತ್ತು. ಅದನ್ನು ಕಾಗದದ ಮೇಲೆ ಓದಿ ಕಲಿಯುವುದು ಕಷ್ಟ.

ಸುಮಾರು ಹತ್ತು ವರ್ಷಗಳ ಕಾಲ ಗೊನಿನ್‌ರವರು ಹೆಚ್ಚಿನ ಬೆಂಬಲವಿಲ್ಲದೆ ಈ ಕೆಲಸವನ್ನು ಮುಂದುವರಿಸಿದರು. ಸಫಲವಾದವುಗಳ ಜೊತೆಗೆ ವಿಫಲವಾದ ಪ್ರಕರಣಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕಾರಣಗಳನ್ನು ಪರಿಶೀಲಿಸಿದರು. ಒಂದಕ್ಕಿಂತ ಹೆಚ್ಚು ಹರಿವುಗಳಿದ್ದರೆ ಪ್ರತಿಯೊಂದನ್ನೂ ಮುಚ್ಚಲೇಬೇಕು, ಒಂದು ಉಳಿದರೂ ಎಲ್ಲವೂ ವ್ಯರ್ಥ ಎಂಬುದು ಈ ಪರಿಶೀಲನೆಯಿಂದ ದೃಢಪಟ್ಟ ಪಾಠಗಳಲ್ಲಿ ಒಂದು. ರೋಗ ಹೊಸದಿದ್ದಾಗ ಬಂದವರಲ್ಲಿ ಫಲ ಹೆಚ್ಚು, ತಡವಾಗಿ ಬಂದವರಲ್ಲಿ ಕಡಿಮೆ ಎಂಬುದೂ ಕಂಡುಬಂದಿತು.

ಲೊಸಾನ್ ಎಂಬ ಪಾಠಶಾಲೆ

ಕ್ರಮೇಣ ಪರಸ್ಥಳದ ವೈದ್ಯರು ಲೊಸಾನ್‌ಗೆ ಬಂದು ಕಣ್ಣಾರೆ ನೋಡಲಾರಂಭಿಸಿದರು. ಹೀಗೆ ಬಂದವರಲ್ಲಿ ಸ್ಪೇನಿನ ಬಾರ್ಸಿಲೋನಾದ ಹೆರ್ಮೆನೆಹಿಲ್ದೊ ಅರ್ರುಗಾರವರು ಪ್ರಮುಖರು. ಹಾಲೆಂಡಿನಲ್ಲಿ ಹೆನ್ರಿಕಸ್ ವೇವೆಯವರು ಈ ಕ್ರಮವನ್ನು ಕೈಗೊಂಡರು. ಗೊನಿನ್‌ರವರ ಬಳಿಯೇ ಇದ್ದ ಶಿಷ್ಯ ಮಾರ್ಕ್ ಆಮ್ಸ್ಲರ್ (1891–1968) ಹುಡುಕಾಟದ ವಿಧಾನವನ್ನು ಇನ್ನಷ್ಟು ಶಿಸ್ತಿಗೆ ತಂದರು. ಇವರೆಲ್ಲ ಕಲಿತದ್ದು ಉಪನ್ಯಾಸ ಕೇಳಿ ಅಲ್ಲ. ರೋಗಿಯ ಕಣ್ಣನ್ನು ಮೊದಲು ತಾವು ನೋಡಿ, ನಂತರ ಗುರುಗಳ ಚಿತ್ರದೊಡನೆ ತಾಳೆ ಹಾಕಿ, ತಮಗೆ ಕಾಣದೆ ಹೋದದ್ದನ್ನು ಮತ್ತೆ ಹುಡುಕಿ ಕಲಿತ ವಿದ್ಯೆ ಅದು.

1929ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ಮತ್ತು ಹೇಗ್ ನಗರಗಳಲ್ಲಿ ಅಂತರರಾಷ್ಟ್ರೀಯ ನೇತ್ರವೈದ್ಯ ಸಮ್ಮೇಳನ ನಡೆಯಿತು. ಗೊನಿನ್‌ರವರಿಗೆ ಆಗ 59 ವರ್ಷ. ಈ ಬಾರಿ ತಮ್ಮ ಫಲಿತಾಂಶಗಳನ್ನು ಮಂಡಿಸಿದವರು ಅವರೊಬ್ಬರೇ ಆಗಿರಲಿಲ್ಲ. ಅರ್ರುಗಾ, ವೇವೆ ಮತ್ತು ಆಮ್ಸ್ಲರ್‌ರವರೂ ತಮ್ಮ ರೋಗಿಗಳ ಲೆಕ್ಕವನ್ನು ಮುಂದಿಟ್ಟು ಅವರ ಮಾತನ್ನು ಸಮರ್ಥಿಸಿದರು. ಸಾವಿರಕ್ಕೆ ಒಬ್ಬರು ಗುಣವಾಗುತ್ತಿದ್ದ ರೋಗದಲ್ಲಿ ಈಗ ಸುಮಾರು ಅರ್ಧದಷ್ಟು ರೋಗಿಗಳು ಗುಣ ಕಾಣುತ್ತಿದ್ದರು. ಒಬ್ಬ ವೈದ್ಯನ ವಿಶೇಷ ಕೈಗುಣವೆಂದು ತಳ್ಳಿಹಾಕಲು ಇನ್ನು ಆಸ್ಪದವಿರಲಿಲ್ಲ, ಏಕೆಂದರೆ ಆ ಕೈಗುಣ ಬೇರೆಯವರಿಗೂ ಬಂದಿತ್ತು. ಆಮ್‌ಸ್ಟರ್‌ಡ್ಯಾಂ ಸಮ್ಮೇಳನದ ನಂತರ ಲೊಸಾನ್‌ಗೆ ಬರುವ ವೈದ್ಯರ ಸಂಖ್ಯೆಯೂ ರೋಗಿಗಳ ಸಂಖ್ಯೆಯೂ ಬಹಳ ಹೆಚ್ಚಿತು.

ಸಲಾಕೆಯ ಬದಲು ವಿದ್ಯುತ್ ಶಾಖವನ್ನು (ಡಯಾಥರ್ಮಿ) ಬಳಸುವ ಕ್ರಮವನ್ನು ವೇವೆಯವರೂ ಸ್ವೀಡನ್ನಿನ ಲಾರ್ಸನ್‌ರವರೂ ಕೆಲವೇ ವರ್ಷಗಳಲ್ಲಿ ರೂಢಿಗೆ ತಂದರು. ಇದರಿಂದ ಹಲವು ಹರಿವುಗಳನ್ನು ಒಂದೇ ಸಲಕ್ಕೆ ಮುಚ್ಚುವುದು ಸುಲಭವಾಯಿತು. ಗೊನಿನ್‌ರವರ ಉಪಕರಣ ಹೀಗೆ ಬೇಗನೆ ಮೂಲೆ ಸೇರಿತು. ಹರಿವನ್ನು ಹುಡುಕು, ಎಲ್ಲವನ್ನೂ ಮುಚ್ಚು ಎಂಬ ಅವರ ಸೂತ್ರ ಮಾತ್ರ ಬದಲಾಗಲಿಲ್ಲ.

ತಮ್ಮ ಮೂರು ದಶಕಗಳ ಅನುಭವವನ್ನು ಗೊನಿನ್‌ರವರು ಅಕ್ಷಿಪಟಲ ಕಳಚುವಿಕೆಯನ್ನು ಕುರಿತ ಬೃಹತ್ ಫ್ರೆಂಚ್ ಗ್ರಂಥವಾಗಿ 1934ರಲ್ಲಿ ಪ್ರಕಟಿಸಿದರು. ಮರುವರ್ಷ, 1935ರ ಜೂನ್ 10ರಂದು, ತಮ್ಮ 64ನೆಯ ವಯಸ್ಸಿನಲ್ಲಿ ಲೊಸಾನ್‌ನಲ್ಲೇ ನಿಧನರಾದರು. ಅವರ ಸ್ಥಾನಕ್ಕೆ ಆಮ್ಸ್ಲರ್‌ರವರು ಬಂದರು. ಮ್ಯಾಕ್ಯುಲಾ ರೋಗವಿರುವವರಿಗೆ ಮನೆಯಲ್ಲಿ ತಾವೇ ಪರೀಕ್ಷಿಸಿಕೊಳ್ಳಲೆಂದು ಇಂದಿಗೂ ನೇತ್ರಾಲಯಗಳಲ್ಲಿ ಕೊಡುವ ಚೌಕಳಿ ಗೆರೆಗಳ ಹಾಳೆ ಈ ಆಮ್ಸ್ಲರ್‌ರವರದೇ ಕೊಡುಗೆ.

ನಂತರದ ಬೆಳವಣಿಗೆ

ಗೊನಿನ್‌ರವರ ನಂತರ ಈ ಕ್ಷೇತ್ರ ವೇಗವಾಗಿ ಬೆಳೆಯಿತು. ಜರ್ಮನಿಯ ಮೇಯರ್-ಶ್ವಿಕೆರಾತ್‌ರವರು 1949ರಲ್ಲಿ ಬೆಳಕಿನ ಶಾಖದಿಂದ ಅಕ್ಷಿಪಟಲವನ್ನು ಬೆಸೆದರು. ಇಂದಿನ ಲೇಸರ್ ಚಿಕಿತ್ಸೆಗೆ ಅದೇ ಮುನ್ನುಡಿ. ಕಣ್ಣಿನ ಹೊರಗೋಡೆಗೆ ಪಟ್ಟಿ ಹೊಲಿದು ಒಳಕ್ಕೆ ಒತ್ತುವ ಬಕ್ಲಿಂಗ್ ವಿಧಾನವೂ ಆ ಕಾಲದಲ್ಲೇ ಆರಂಭವಾಯಿತು. 1970ರ ಸುಮಾರಿಗೆ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮ್ಯಾಕೆಮರ್‌ರವರು ವಿಟ್ರಿಯಸ್ ಲೋಳೆಯನ್ನೇ ಸಣ್ಣ ಯಂತ್ರದಿಂದ ಕತ್ತರಿಸಿ ಹೀರಿ ತೆಗೆಯುವ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಈಗ ಹತ್ತು ರೋಗಿಗಳಲ್ಲಿ ಎಂಟೊಂಬತ್ತು ಜನರ ಅಕ್ಷಿಪಟಲ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸ್ವಸ್ಥಾನಕ್ಕೆ ಮರಳುತ್ತದೆ.

ಲೊಸಾನ್‌ನ ನೇತ್ರಾಸ್ಪತ್ರೆಗೆ ಗೊನಿನ್‌ರವರ ಹೆಸರನ್ನಿಡಲಾಗಿದೆ. ನೇತ್ರವೈದ್ಯ ಕ್ಷೇತ್ರದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಗೊನಿನ್ ಪದಕವನ್ನು ನಾಲ್ಕು ವರ್ಷಕ್ಕೊಮ್ಮೆ ನೀಡಲಾಗುತ್ತದೆ. ಅಕ್ಷಿಪಟಲ ತಜ್ಞರ ಅಂತರರಾಷ್ಟ್ರೀಯ ಸಂಘಟನೆಯಾದ ಜೂಲ್ಸ್ ಗೊನಿನ್ ಕ್ಲಬ್ 1959ರಲ್ಲಿ ಸ್ಥಾಪನೆಯಾಯಿತು.

ರೋಗಿಯ ಪಕ್ಕದಲ್ಲೇ ಕಲಿಸುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರ ಫೆಲೋಶಿಪ್ ಎಂಬ ವ್ಯವಸ್ಥಿತ ರೂಪ ಪಡೆಯಿತು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್‌ನಲ್ಲಿ ನೆಲೆಸಿದ ಚಾರ್ಲ್ಸ್ ಸ್ಕೆಪೆನ್ಸ್ (1912–2006) ಇದರಲ್ಲಿ ಮುಂದಾಳು. ತಲೆಗೆ ಧರಿಸಿ ಎರಡೂ ಕಣ್ಣುಗಳಿಂದ ನೋಡಬಹುದಾದ ನೇತ್ರದರ್ಶಕವನ್ನು ಅವರು ರೂಪಿಸಿದ್ದರಿಂದ, ಗೊನಿನ್‌ರವರು ಕಷ್ಟಪಟ್ಟು ಹುಡುಕುತ್ತಿದ್ದ ಅಂಚಿನ ಭಾಗ ಸುಲಭವಾಗಿ ಕಾಣುವಂತಾಯಿತು. ಅವರ ಬಳಿ ತರಬೇತಿ ಪಡೆದ ಭಾರತೀಯರಲ್ಲಿ ಡಾ. ಎಸ್. ಎಸ್. ಬದ್ರಿನಾಥ್‌ರವರು ಒಬ್ಬರು. ಸ್ವದೇಶಕ್ಕೆ ಮರಳಿದ ಅವರು 1978ರಲ್ಲಿ ಚೆನ್ನೈನಲ್ಲಿ ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. ಅಲ್ಲಿ ಕಲಿತ ಅಕ್ಷಿಪಟಲ ತಜ್ಞರು ದೇಶದ ಅನೇಕ ಭಾಗಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ.

ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಮತ್ತು ನೇತ್ರವೈದ್ಯದಲ್ಲಿ ಮೂರು ವರ್ಷಗಳ ಸ್ನಾತಕೋತ್ತರ ಪದವಿ ಮುಗಿಸಿದ ವೈದ್ಯರು ಅಕ್ಷಿಪಟಲ ಶಸ್ತ್ರಚಿಕಿತ್ಸೆಯಲ್ಲಿ ಪರಿಣತಿ ಗಳಿಸಲು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷಗಳ ಫೆಲೋಶಿಪ್ ಮಾಡುತ್ತಾರೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಚಾಕು ಹಿಡಿಯುವ ಮೊದಲು ಅವರು ಕಲಿಯಬೇಕಾದದ್ದು ರೋಗಿಯ ಅಕ್ಷಿಪಟಲದ ಚಿತ್ರ ಬರೆಯುವುದನ್ನು. ಗಡಿಯಾರದ ಗಂಟೆಗಳನ್ನು ಗುರುತಿಸಿದ ದುಂಡನೆಯ ಆ ನಕ್ಷೆಗೆ ಆಮ್ಸ್ಲರ್-ಡುಬಾಯ್ ನಕ್ಷೆ ಎಂದು ಹೆಸರು. ಅಂಟಿಕೊಂಡಿರುವ ಅಕ್ಷಿಪಟಲಕ್ಕೆ ಕೆಂಪು, ಕಳಚಿದ ಭಾಗಕ್ಕೆ ನೀಲಿ, ಹರಿವಿಗೆ ನೀಲಿ ಅಂಚಿನ ಕೆಂಪು. ಯಂತ್ರಗಳು ಅಕ್ಷಿಪಟಲದ ಛಾಯಾಚಿತ್ರವನ್ನು ಕ್ಷಣದಲ್ಲಿ ತೆಗೆದುಕೊಡುವ ಈ ದಿನಗಳಲ್ಲೂ ಬಣ್ಣದ ಪೆನ್ಸಿಲ್ ಹಿಡಿದು ಈ ನಕ್ಷೆ ತುಂಬುವ ಅಭ್ಯಾಸವನ್ನು ತರಬೇತಿಯಲ್ಲಿ ಉಳಿಸಿಕೊಳ್ಳಲಾಗಿದೆ.